ಸ್ಟ್ರೇಟ್ ರೇಜರ್ ಕಲಿಯೋಕೆ ಮೊದಲು ಶಾವೆಟ್ ಕೊಳ್ಳಬೇಕಾ?

ಪ್ರಶ್ನೆ: ಸ್ಟ್ರೇಟ್ ರೇಜರ್‌ನಲ್ಲಿ, ಅಂದರೆ ಮಡಚುವ ಕ್ಷೌರದ ಕತ್ತಿಯಲ್ಲಿ, ನಾನೇ ಶೇವ್ ಮಾಡಿಕೊಳ್ಳಬೇಕು ಅಂತ ತುಂಬಾ ದಿನದಿಂದ ಆಸೆ. ಒಂದೇ ಸಲಕ್ಕೆ ದುಬಾರಿ ಕತ್ತಿ ಕೊಳ್ಳುವ ಬದಲು, ಬ್ಲೇಡ್ ಬದಲಿಸುವ ಶಾವೆಟ್‌ನಲ್ಲಿ ಕೈ ಪಳಗಿಸಿಕೊಂಡರೆ ಆಗಲ್ವಾ?

ಆಗುತ್ತೆ. ಆದರೆ ಶಾವೆಟ್ ಸುಲಭ ಅಂದುಕೊಂಡು ಕೊಳ್ಳಬೇಡಿ. ಹೆಚ್ಚಿನ ಶಾವೆಟ್‌ಗಳಿಗೆ ಹಾಕುವುದು ಮಾಮೂಲಿ ಸೇಫ್ಟಿ ರೇಜರ್ ಬ್ಲೇಡನ್ನೇ, ಅರ್ಧಕ್ಕೆ ಮುರಿದು. ಅದು ವಿಪರೀತ ಹರಿತ, ಮೂಲೆಗಳೂ ಚೂಪು, ಮೇಲಾಗಿ ಹಿಡಿ ಹಗುರ. ಹಗುರ ಇದ್ದಷ್ಟೂ ನಾವು ಕೈಯಿಂದ ಒತ್ತುತ್ತೇವೆ, ಒತ್ತಿದ ಕಡೆ ರಕ್ತ. ನಿಜವಾದ ಕತ್ತಿಗೆ ತನ್ನದೇ ತೂಕ ಇರುತ್ತೆ, ಚರ್ಮದ ಮೇಲೆ ಮೃದುವಾಗಿ ಸಾಗುತ್ತೆ, ಸಣ್ಣಪುಟ್ಟ ತಪ್ಪನ್ನು ಸಹಿಸಿಕೊಳ್ಳುತ್ತೆ.

ಶಾವೆಟ್‌ನಿಂದ ಉಳಿಯುವುದು ಬೇರೆ ಕೆಲಸ: ಮಸೆಯುವ ಗೋಜಿಲ್ಲ. ಈ ಹವ್ಯಾಸ ನನಗೆ ಹಿಡಿಸುತ್ತಾ ಅಂತ ನೋಡೋಕೆ ಅಷ್ಟು ಸಾಕು. ಮನಸ್ಸು ಗಟ್ಟಿಯಾಗಿದ್ದರೆ ಮಾತ್ರ ನೇರವಾಗಿ ಕತ್ತಿಯನ್ನೇ ಕೊಳ್ಳಿ ಅನ್ನುತ್ತೇನೆ.

ಕೊಳ್ಳುವಾಗ ಕೇಳಬೇಕಾದ್ದು ಒಂದೇ ಮಾತು: ಇದು ‘ಶೇವ್ ರೆಡಿ’ನಾ? ಫ್ಯಾಕ್ಟರಿಯಿಂದ ಬಂದ ಎಷ್ಟೋ ಹೊಸ ಕತ್ತಿಗಳು ಗಡ್ಡ ತೆಗೆಯುವಷ್ಟು ಹರಿತ ಇರಲ್ಲ. ಅಂಥದ್ದನ್ನು ಕೆನ್ನೆಗೆ ಇಟ್ಟು, ಕೂದಲು ಕಿತ್ತು ಬಂದಂತಾಗಿ, ತನ್ನ ಕೈಯೇ ಸರಿ ಇಲ್ಲ ಅಂತ ಬಿಟ್ಟವರು ಬೇಕಾದಷ್ಟು ಜನ. ಅಲಗಿನ ಅಗಲವನ್ನು ಇಂಚಿನ ಎಂಟನೇ ಭಾಗದ ಲೆಕ್ಕದಲ್ಲಿ ಹೇಳುತ್ತಾರೆ. 5/8 ಅಥವಾ 6/8 ಇರಲಿ, ತುದಿ ದುಂಡಗಿರಲಿ. ಚೂಪು ತುದಿ ನೋಡೋಕೆ ಚೆಂದ, ಕಿವಿಗೆ ಅಪಾಯ.

ಈಗ ಮೊದಲ ಶೇವ್. ಬಿಸಿನೀರಿನಲ್ಲಿ ಮುಖ ತೊಳೆದು, ಬ್ರಷ್‌ನಿಂದ ನೊರೆ ಚೆನ್ನಾಗಿ ಹಚ್ಚಿ. ಹಿಡಿಯನ್ನು ಮೇಲಕ್ಕೆ ಮಡಚಿ, ಅಲಗಿನ ಹಿಂದಿನ ಕಡ್ಡಿಯ ಮೇಲೆ ಮೂರು ಬೆರಳು, ಕೆಳಗೆ ಹೆಬ್ಬೆರಳು, ಕಡ್ಡಿಯ ಕೊನೆಯ ಬಾಗಿದ ಬಾಲದ ಮೇಲೆ ಕಿರುಬೆರಳು. ಅಲಗನ್ನು ಕೆನ್ನೆ ಮೇಲೆ ಪೂರ್ತಿ ಮಲಗಿಸಿ, ಆಮೇಲೆ ಅದರ ಬೆನ್ನನ್ನು, ಅಂದರೆ ದಪ್ಪಗಿನ ಅಂಚನ್ನು, ನಿಧಾನವಾಗಿ ಎತ್ತಿ. ಬೆನ್ನಿಗೂ ಚರ್ಮಕ್ಕೂ ನಡುವೆ ಸುಮಾರು ಎರಡು ಬೆನ್ನಿನ ದಪ್ಪದಷ್ಟು ಸಂದಿ ಬಂದರೆ ಹೆಚ್ಚುಕಡಿಮೆ 30 ಡಿಗ್ರಿ. ಅಲ್ಲಿಗೆ ನಿಲ್ಲಿಸಿ. ಇದಕ್ಕಿಂತ ಜಾಸ್ತಿ ಎತ್ತಿದರೆ ಚರ್ಮ ಕೆರೆಯುತ್ತೆ, ತೀರಾ ಮಲಗಿಸಿದರೆ ಕೂದಲು ಜಗ್ಗುತ್ತೆ.

ಇನ್ನೊಂದು ಕೈಗೂ ಅಷ್ಟೇ ಕೆಲಸ. ಕಿವಿಯ ಮುಂದೆ ಬೆರಳಿಟ್ಟು ಚರ್ಮವನ್ನು ಮೇಲಕ್ಕೆ ಬಿಗಿಯಾಗಿ ಎಳೆದು ಹಿಡಿಯಿರಿ. ಸಡಿಲ ಚರ್ಮ ಅಲಗಿನ ಮುಂದೆ ಮಡಿಕೆ ಬೀಳುತ್ತೆ, ಗಾಯ ಆಗುವುದು ಆ ಮಡಿಕೆಯಲ್ಲೇ. ಕೂದಲು ಬೆಳೆದ ದಿಕ್ಕಿನಲ್ಲಿ, ಮೇಲಿನಿಂದ ಕೆಳಗೆ, ಚಿಕ್ಕ ಚಿಕ್ಕದಾಗಿ ಎಳೆಯಿರಿ. ಒತ್ತಬೇಡಿ. ಅಲಗನ್ನು ಅಡ್ಡಡ್ಡ ಜಾರಿಸಲೇಬೇಡಿ. ತರಕಾರಿ ಹೆಚ್ಚುವುದು ಹಾಗೆಯೇ ಅಲ್ವಾ?

ಮೊದಲ ಕೆಲವು ಸಲ ಕೆನ್ನೆ ಮಾತ್ರ. ಉಳಿದದ್ದಕ್ಕೆ ನಿಮ್ಮ ಹಳೇ ರೇಜರ್ ಇದೆಯಲ್ಲ. ಗದ್ದ ಮತ್ತು ಮೇಲ್ದುಟಿ ಕಷ್ಟದ ಜಾಗಗಳು, ಕೊನೆಗಿರಲಿ. ಮೊಡವೆ ಇದ್ದ ಕಡೆ ಕೈ ಹಾಕಬೇಡಿ. ಕತ್ತಿ ಕೈಜಾರಿದರೆ ಹಿಡಿಯೋಕೆ ಹೋಗದೆ ಹಿಂದೆ ಸರಿಯಿರಿ. ಸಣ್ಣ ಗಾಯಕ್ಕೆ ತಣ್ಣೀರು, ಪಟಿಕದ ಕಲ್ಲು ಸಾಕು.

ಹೊಸಬರು ನಿಜಕ್ಕೂ ಎಡವುವುದು ಮುಖದ ಮೇಲಲ್ಲ, ಕತ್ತಿ ಉಜ್ಜುವ ಚರ್ಮದ ಪಟ್ಟಿಯ (ಸ್ಟ್ರಾಪ್) ಮೇಲೆ. ಪ್ರತಿ ಶೇವ್‌ಗೂ ಮುಂಚೆ ಕತ್ತಿಯನ್ನು ಪಟ್ಟಿಗೆ 30ರಿಂದ 50 ಸಲ ಉಜ್ಜಬೇಕು. ಬೆನ್ನು ಮುಂದೆ, ಬಾಯಿ (ಹರಿತದ ಅಂಚು) ಹಿಂದೆ. ತುದಿ ತಲುಪಿದ ಮೇಲೆ ಬೆನ್ನಿನ ಮೇಲೆಯೇ ಮಗುಚಬೇಕು. ಬಾಯಿಯ ಮೇಲೆ ಮಗುಚಿದರೆ ಪಟ್ಟಿ ಸೀಳಿತು ಅಂತಲೇ ಲೆಕ್ಕ. ಪಟ್ಟಿ ಜೋತುಬಿದ್ದರೆ ಬಾಯಿ ಮೊಂಡಾಗುತ್ತೆ, ಬಿಗಿಯಾಗಿ ಹಿಡಿಯಿರಿ. ಸಿನಿಮಾದಲ್ಲಿ ಸರಸರ ಉಜ್ಜುತ್ತಾರಲ್ಲ, ಆ ವೇಗ ಸದ್ಯಕ್ಕೆ ಬೇಡ. ಮೊದಲ ಪಟ್ಟಿಗೆ ಗಾಯ ಆಗಿಯೇ ಆಗುತ್ತೆ, ಅದಕ್ಕೇ ಅಗ್ಗದ್ದು ಕೊಳ್ಳಿ.

ಮುಗಿದ ಮೇಲೆ ಕತ್ತಿಯನ್ನು ಒರೆಸಿ ಪೂರ್ತಿ ಒಣಗಿಸಿಡಿ, ಕಾರ್ಬನ್ ಸ್ಟೀಲ್ ಆದರೆ ಬಲುಬೇಗ ತುಕ್ಕು ಹಿಡಿಯುತ್ತೆ. ಸಾಣೆ ಕಲ್ಲು ಈಗಲೇ ಕೊಳ್ಳಬೇಡಿ. ಪಟ್ಟಿಗೆ ಉಜ್ಜಿದರೂ ಕೂದಲು ಜಗ್ಗೋಕೆ ಶುರುವಾದಾಗ, ಬಲ್ಲವರ ಕೈಗೆ ಕೊಟ್ಟು ಸಾಣೆ ಹಿಡಿಸಿಕೊಳ್ಳಿ.