ರಾತ್ರಿ ಊಟ ಬಿಟ್ಟರೆ ನಿದ್ದೆ ಏಕೆ ದೂರವಾಗುತ್ತದೆ?

ಪ್ರಶ್ನೆ: ತೂಕ ಇಳಿಸಲು ಒಂದು ತಿಂಗಳಿಂದ ರಾತ್ರಿಯ ಊಟ ಬಿಟ್ಟಿದ್ದೇನೆ. ಮೈ ಎಷ್ಟೇ ದಣಿದಿದ್ದರೂ ಬೇಗ ನಿದ್ದೆ ಹತ್ತುವುದಿಲ್ಲ, ಹತ್ತಿದರೂ ನಡುರಾತ್ರಿ ಎಚ್ಚರವಾಗುತ್ತದೆ. ಹೊಟ್ಟೆಗೂ ನಿದ್ದೆಗೂ ಸಂಬಂಧವಿದೆಯೇ?

ಉತ್ತರ: ಇದೆ, ಬಹಳ ಹತ್ತಿರದ ಸಂಬಂಧವೇ ಇದೆ. ದೀಪ ಆರಿಸಿ ಮಲಗಿದ್ದೀರಿ, ಹೊಟ್ಟೆ ತಾಳ ಹಾಕುತ್ತಿದೆ, ಗಡಿಯಾರದ ಟಿಕ್ ಟಿಕ್ ಕೂಡ ಕಿವಿಗೆ ಬೀಳುತ್ತಿದೆ. ಆಗ ನಿಮ್ಮನ್ನು ಎಚ್ಚರವಾಗಿಟ್ಟಿರುವುದು ಹೊಟ್ಟೆಯ ಸದ್ದು ಮಾತ್ರವಲ್ಲ, ಮಿದುಳೂ ಹೌದು.

ಮಿದುಳಿನ ತಳದಲ್ಲಿ ಬಾದಾಮಿಯಷ್ಟು ಗಾತ್ರದ ಹೈಪೊಥಲಾಮಸ್ ಎಂಬ ಭಾಗವಿದೆ. ಅಲ್ಲಿನ ಕೆಲವು ನರಕೋಶಗಳು ಸ್ರವಿಸುವ ಒಂದು ರಾಸಾಯನಿಕವನ್ನು 1998ರಲ್ಲಿ ಎರಡು ಸಂಶೋಧಕ ತಂಡಗಳು ಬೇರೆ ಬೇರೆಯಾಗಿ ಪತ್ತೆಹಚ್ಚಿದವು. ಅದನ್ನು ಇಲಿಗಳ ಮಿದುಳಿಗೆ ಕೊಟ್ಟಾಗ ಅವು ಹೆಚ್ಚು ತಿಂದವು. ಹಾಗಾಗಿ ಒಂದು ತಂಡ ಹಸಿವೆಗಿರುವ ಗ್ರೀಕ್ ಪದದಿಂದ ‘ಒರೆಕ್ಸಿನ್’ ಎಂದು ಹೆಸರಿಟ್ಟಿತು. ಆದರೆ ಹೆಚ್ಚು ಕಾಲ ಕಳೆಯುವ ಮೊದಲೇ ಇನ್ನೊಂದು ಸಂಗತಿ ಹೊರಬಿತ್ತು. ಹಗಲಲ್ಲೇ ತಡೆಯಲಾರದ ನಿದ್ದೆ ಎರಗುವ ನಾರ್ಕೊಲೆಪ್ಸಿ ಕಾಯಿಲೆಯ ಬಹುಪಾಲು ರೋಗಿಗಳಲ್ಲಿ ಈ ಕೋಶಗಳೇ ನಾಶವಾಗಿದ್ದವು. ಹಸಿವೆಯ ಹೆಸರು ಹೊತ್ತ ವಸ್ತು ಎಚ್ಚರದ ಕಾವಲುಗಾರನೂ ಆಗಿತ್ತು. ಮಿದುಳಿನ ಕೋಟ್ಯಂತರ ಕೋಶಗಳ ನಡುವೆ ಇವು ಒಂದು ಲಕ್ಷವೂ ಇಲ್ಲ ಎಂದು ನೆನೆದಾಗಲೆಲ್ಲ ನನಗೆ ಬೆರಗಾಗುತ್ತದೆ.

ರಕ್ತದಲ್ಲಿ ಗ್ಲೂಕೋಸ್ ಇಳಿದಾಗ, ಹೊಟ್ಟೆಯಿಂದ ಘ್ರೆಲಿನ್ ಎಂಬ ಹಸಿವೆಯ ಹಾರ್ಮೋನ್ ಏರಿದಾಗ ಈ ಕೋಶಗಳು ಚುರುಕಾಗುತ್ತವೆ. ಗ್ಲೂಕೋಸ್ ಏರಿದಾಗ, ಕೊಬ್ಬಿನ ಕೋಶಗಳಿಂದ ಲೆಪ್ಟಿನ್ ಸಾಕಷ್ಟು ಬಂದಾಗ ತಣ್ಣಗಾಗುತ್ತವೆ. ಆಹಾರ ಸಿಗದ ಪ್ರಾಣಿ ಮಲಗಿಬಿಟ್ಟರೆ ಉಳಿಯದು, ಎದ್ದು ಹುಡುಕಬೇಕು. ಉಪವಾಸವಿದ್ದ ಇಲಿಗಳು ಕಡಿಮೆ ನಿದ್ರಿಸುವುದನ್ನು ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ನೀವು ಮನಸಾರೆ ಊಟ ಬಿಟ್ಟಿದ್ದೀರಿ ಎಂಬುದು ಆ ಕೋಶಗಳಿಗೆ ತಿಳಿಯದು.

ಊಟದ ನಂತರದ ತೂಕಡಿಕೆಯ ಬಗ್ಗೆಯೂ ಒಂದು ಮಾತು. ರಕ್ತವೆಲ್ಲ ಹೊಟ್ಟೆಗೆ ಹರಿದು ಮಿದುಳಿಗೆ ಕಡಿಮೆಯಾಗುತ್ತದೆ ಎಂಬ ವಿವರಣೆ ಸರಿಯಲ್ಲ, ಮಿದುಳು ತನ್ನ ಪಾಲಿನ ರಕ್ತವನ್ನು ಬಿಟ್ಟುಕೊಡುವುದಿಲ್ಲ. ಮಧ್ಯಾಹ್ನದ ಮಂಪರಿನಲ್ಲಿ ದೇಹದ ದಿನಚಕ್ರದ ಪಾಲೂ ಇದೆ. ಊಟ ಮಾಡದಿದ್ದರೂ ಅದು ಬರುತ್ತದೆ.

ಇನ್ನು ನಿಮ್ಮ ಮುಖ್ಯ ಉದ್ದೇಶಕ್ಕೆ ಬರೋಣ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೂಕ ಹೆಚ್ಚಿದ್ದ 10 ಜನರಿಗೆ ಕ್ಯಾಲೊರಿ ಕಡಿಮೆ ಮಾಡಿದ ಆಹಾರ ಕೊಟ್ಟು, 14 ದಿನ ಎಂಟೂವರೆ ಗಂಟೆ, ಇನ್ನೊಮ್ಮೆ 14 ದಿನ ಐದೂವರೆ ಗಂಟೆ ಮಾತ್ರ ಮಲಗಲು ಬಿಟ್ಟರು. ಎರಡೂ ಬಾರಿ ಸುಮಾರು 3 ಕಿಲೊ ಇಳಿಯಿತು. ಆದರೆ ಪೂರ್ತಿ ನಿದ್ದೆಯಿದ್ದಾಗ ಅದರಲ್ಲಿ ಕೊಬ್ಬು 1.4 ಕಿಲೊ, ನಿದ್ದೆ ಕಡಿಮೆಯಾದಾಗ ಬರೀ 0.6 ಕಿಲೊ. ಮಿಕ್ಕದ್ದು ಹೆಚ್ಚಾಗಿ ಸ್ನಾಯು ಮೊದಲಾದ ಕೊಬ್ಬಲ್ಲದ ಭಾಗ. ಚಿಕ್ಕ ಅಧ್ಯಯನ ನಿಜ, ಆದರೂ ನನಗೆ ಇದನ್ನು ಮರೆಯಲಾಗುವುದಿಲ್ಲ. ನಿದ್ದೆಗೆಟ್ಟು ತೂಕ ಇಳಿಸುವವರ ತಕ್ಕಡಿಯ ಮುಳ್ಳು ಹಿಂದೆ ಸರಿಯುತ್ತದೆ, ಕೊಬ್ಬು ಮಾತ್ರ ಅಷ್ಟಾಗಿ ಕರಗುವುದಿಲ್ಲ. ಮೇಲಾಗಿ ಮರುದಿನ ಹಸಿವೆಯೂ ಜಾಸ್ತಿ.

ಆದ್ದರಿಂದ ರಾತ್ರಿಯ ಊಟವನ್ನು ಪೂರ್ತಿ ಬಿಡಬೇಡಿ. ದಿನದ ಲೆಕ್ಕದಲ್ಲಿ ಕಡಿಮೆ ಮಾಡಬೇಕಾದದ್ದನ್ನು ಎಲ್ಲ ಊಟಗಳಿಗೂ ಸ್ವಲ್ಪ ಸ್ವಲ್ಪ ಹಂಚಿ. ಮಲಗುವುದಕ್ಕೆ ಸುಮಾರು ಮೂರು ಗಂಟೆ ಮೊದಲು ನಾರಿನಂಶವೂ ಪ್ರೊಟೀನೂ ಇರುವ ಮಿತವಾದ ಊಟ ಮಾಡಿ. ಹೊಟ್ಟೆ ಬಿರಿಯುವಂತೆ ತಿಂದು ಕೂಡಲೇ ಮಲಗಿದರೂ ತೊಂದರೆಯೇ, ಆಮ್ಲ ಗಂಟಲಿಗೆ ಬಂದು ಎಬ್ಬಿಸುತ್ತದೆ. ಮಲಗುವ ಹೊತ್ತಿಗೆ ಹೊಟ್ಟೆ ಚುರುಗುಟ್ಟಿದರೆ ಒಂದು ಲೋಟ ಹಾಲನ್ನೋ ಒಂದು ಬಾಳೆಹಣ್ಣನ್ನೋ ತೆಗೆದುಕೊಳ್ಳಿ, ಅದು ಸೋಲಲ್ಲ.

ನೀವು ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಾತೇ ಬೇರೆ. ಬೆವರು, ನಡುಕ, ಎದೆಬಡಿತದೊಂದಿಗೆ ನಡುರಾತ್ರಿ ಎಚ್ಚರವಾದರೆ ಸಕ್ಕರೆ ಅಪಾಯಕಾರಿಯಾಗಿ ಇಳಿದಿರಬಹುದು. ಆಗ ಕೂಡಲೇ ಪರೀಕ್ಷಿಸಿಕೊಂಡು ಏನಾದರೂ ಸಿಹಿ ತೆಗೆದುಕೊಳ್ಳಿ, ವೈದ್ಯರನ್ನು ಕೇಳದೆ ಇನ್ನೊಂದು ರಾತ್ರಿಯೂ ಊಟ ಬಿಡಬೇಡಿ.