ಜಾರದ ಭುಜ, ತಿರುಗುವ ತೋಳು

ಮುಂಬೈಯ ಲೋಕಲ್ ಗಾಡಿಯಲ್ಲಿ ಮೇಲಿನ ಹಿಡಿಕೆ ಹಿಡಿದು ನಿಂತವರ ತೋಳು ಪಕ್ಕಕ್ಕೆ ಎದ್ದು ಹಿಂದಕ್ಕೆ ತಿರುಗಿರುತ್ತದೆ. ಒಮ್ಮೆ ಮುಂದಕ್ಕೆ ಜಾರಿದ ಭುಜ ಮತ್ತೆ ಜಾರುವುದು ಹೆಚ್ಚಾಗಿ ಈ ಭಂಗಿಯಲ್ಲೇ. ಮಾಟುಂಗಾದ ಕನ್ನಡ ಮನೆಯೊಂದರ ಕಬಡ್ಡಿ ಆಡುವ ಹುಡುಗನಿಗೆ ಒಬ್ಬ ವೈದ್ಯರು ಸಣ್ಣ ರಂಧ್ರದ ಮೂಲಕ ಮಾಡುವ ದುರ್ಬೀನಿನ ಆಪರೇಶನ್ ಸಾಕೆನ್ನುತ್ತಾರೆ, ಇನ್ನೊಬ್ಬರು ಮೂಳೆ ಕೂರಿಸಬೇಕೆನ್ನುತ್ತಾರೆ. ಈ ಭಿನ್ನಾಭಿಪ್ರಾಯಕ್ಕೆ ದೀರ್ಘ ಹಿನ್ನೆಲೆಯಿದೆ.

ಕಂಕುಳನ್ನು ಕಾದ ಕಬ್ಬಿಣದಿಂದ ಸುಟ್ಟು ಬಿಗಿಗೊಳಿಸುತ್ತಿದ್ದ ಹಿಪೊಕ್ರಟೀಸನ ಕಾಲದಿಂದ, ತೋಳೆಲುಬಿನ ಗುಂಡು ಕೂರುವ ಗೂಡಿನ ಅಂಚಿನ ಲ್ಯಾಬ್ರಮ್ ಎಂಬ ಮೃದು ಪಟ್ಟಿ ಕಿತ್ತುಬಂದಿರುವುದೇ ಮೂಲ ದೋಷವೆಂದು 1923ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಬ್ಯಾಂಕಾರ್ಟ್ ಬರೆಯುವವರೆಗೆ ಎರಡು ಸಾವಿರ ವರ್ಷಗಳೇ ಕಳೆದಿದ್ದವು.

1948ರಲ್ಲಿ ಪ್ರಕಟವಾದ ಪುಟ್ಟಿ-ಪ್ಲ್ಯಾಟ್ ವಿಧಾನ ಬೇರೆ ದಾರಿ ಹಿಡಿಯಿತು. ದರ್ಜಿ ಸಡಿಲ ಅಂಗಿಗೆ ಮಡಿಕೆ ಹಾಕುವಂತೆ, ಭುಜದ ಮುಂಭಾಗದ ಸ್ನಾಯುವನ್ನು ಕತ್ತರಿಸಿ, ಒಂದರ ಮೇಲೊಂದು ಬರುವಂತೆ ಹೊಲಿದು ಗಿಡ್ಡ ಮಾಡಲಾಗುತ್ತಿತ್ತು. ಭುಜ ಜಾರುವುದು ನಿಂತಿತು, ಆದರೆ ಮೊಣಕೈಯನ್ನು ಪಕ್ಕೆಗೆ ಒತ್ತಿಟ್ಟು ಮುಂಗೈಯನ್ನು ಹೊರಕ್ಕೆ ತೆರೆಯುವುದು ಅನೇಕರಿಗೆ ಕಷ್ಟವಾಯಿತು. ಚೆಂಡೆಸೆಯುವುದು, ತಲೆಯ ಹಿಂದೆ ಕೈಯೊಯ್ದು ಕೂದಲು ಬಾಚುವುದು ಎಲ್ಲಕ್ಕೂ ಆ ತಿರುವೇ ಬೇಕು. ಅತಿಯಾಗಿ ಬಿಗಿದ ಭುಜದಲ್ಲಿ ತೋಳಿನ ಗುಂಡು ಹಿಂದಕ್ಕೆ ಒತ್ತಲ್ಪಟ್ಟು, ವರ್ಷಗಳ ಮೇಲೆ ಮೃದ್ವಸ್ಥಿ ಸವೆದು ಸಂಧಿವಾತ ಕಾಣಿಸಿಕೊಂಡಿತು. ಯಶಸ್ಸನ್ನು ಮತ್ತೆ ಜಾರಿತೇ ಇಲ್ಲವೇ ಎಂಬುದರಿಂದಷ್ಟೇ ಅಳೆಯುತ್ತಿದ್ದ ಕಾಲದಲ್ಲಿ, ತಿರುಗದ ತೋಳೂ ಗೆಲುವೆಂದೇ ದಾಖಲಾಯಿತು.

1954ರಲ್ಲಿ ಫ್ರಾನ್ಸಿನ ಲಿಯಾನಿನ ಶಸ್ತ್ರವೈದ್ಯ ಲಟಾರ್ಜೆ, ಭುಜದ ಎಲುಬಿನ ಕೊಕ್ಕನ್ನು ಅದಕ್ಕಂಟಿದ ಸ್ನಾಯುರಜ್ಜುವಿನೊಂದಿಗೆ ಗೂಡಿನ ಮುಂದಂಚಿಗೆ ತಂದು ಕೂರಿಸಿದರು. ಅಲ್ಲಿ ಮೂಳೆ ಕಟ್ಟೆಯಾಗುತ್ತದೆ, ತೋಳೆತ್ತಿದಾಗ ರಜ್ಜು ಜೋಲಿಯಂತೆ ಗುಂಡನ್ನು ತಡೆದು ನಿಲ್ಲಿಸುತ್ತದೆ. ಮುಂದೆ ಬಂದ ದುರ್ಬೀನಿನ ದುರಸ್ತಿ, ಸ್ನಾಯುವನ್ನು ಕತ್ತರಿಸದೆ ಪಟ್ಟಿಯನ್ನಷ್ಟೇ ಮತ್ತೆ ಅಂಟಿಸಿದ್ದರಿಂದ ಚಲನೆ ಬಹುಮಟ್ಟಿಗೆ ಉಳಿಯಿತು. ಆದರೆ 2000ರಲ್ಲಿ ಬರ್ಕ್‌ಹಾರ್ಟ್ ಮತ್ತು ಡಿ ಬೀರ್ ಅಂತಹ 194 ದುರಸ್ತಿಗಳನ್ನು ಪರಿಶೀಲಿಸಿದಾಗ, ಮೂಳೆ ಗಣನೀಯವಾಗಿ ಸವೆಯದವರಲ್ಲಿ ಭುಜ ಮತ್ತೆ ಜಾರಿದ್ದು ಶೇ 4ರಷ್ಟು, ಸವೆದವರಲ್ಲಿ ಶೇ 67ರಷ್ಟು ಎಂದು ಕಂಡುಬಂತು. ಮೂಳೆ ಎಷ್ಟು ಉಳಿದಿದೆ ಎಂದು ಸಿ.ಟಿ. ಸ್ಕ್ಯಾನಿನಲ್ಲಿ ಅಳೆಯುವುದು ಮುಖ್ಯವಾದದ್ದು ಇದರಿಂದ. ವಯಸ್ಸು, ಮೈಕೈ ತಾಗುವ ಆಟ, ಕೀಲುಗಳ ಸಹಜ ಸಡಿಲತೆ ಇವನ್ನೂ ಎಣಿಸಿ, ದುರಸ್ತಿಯ ನಂತರ ಭುಜ ಮತ್ತೆ ಜಾರುವ ಅಪಾಯವನ್ನು ಅಂದಾಜಿಸುವ ಹತ್ತು ಅಂಕಗಳ ಅಳತೆಗೋಲು 2007ರಲ್ಲಿ ಬಂತು.

ಆ ಅಂಕಗಳಲ್ಲಿ ರೋಗಿಗೆ ತೋಳಿನ ತಿರುವು ಎಷ್ಟು ಬೇಕೆಂಬುದಕ್ಕೆ ಜಾಗವಿಲ್ಲ. ಎದುರಾಳಿಗಳ ಹಿಡಿತಕ್ಕೆ ತೋಳೊಡ್ಡುವ ಕಬಡ್ಡಿ ಆಟಗಾರ ಕೆಲವು ಡಿಗ್ರಿ ತಿರುವನ್ನು ಬಿಟ್ಟುಕೊಡಲು ಒಪ್ಪಬಹುದು. ಅದೇ ಡಿಗ್ರಿಗಳು ವೇಗದ ಬೌಲರನಿಗೆ ಅವನ ಎಸೆತವೇ ಆಗಿರುತ್ತವೆ. ಆಪರೇಶನ್ನಿಗೆ ಮುಂಚೆ ಎರಡೂ ಮೊಣಕೈಗಳನ್ನು ಪಕ್ಕೆಗೆ ಒತ್ತಿಸಿ, ಮುಂಗೈಗಳು ಎಷ್ಟೆಷ್ಟು ಹೊರಕ್ಕೆ ತೆರೆಯುತ್ತವೆ ಎಂದು ಅಳೆದು ಬರೆದಿಡಲು ಒಂದು ನಿಮಿಷವೂ ಬೇಡ.