ಲೀಸಾ ಮೈಟ್ನರ್: ಪಟದಲ್ಲಿ ಇಬ್ಬರು, ಫಲಕದಲ್ಲಿ ಒಬ್ಬರು

ಪರಮಾಣು ವಿದಳನದ, ಅಂದರೆ ಪರಮಾಣುವಿನ ನ್ಯೂಕ್ಲಿಯಸ್ ಎರಡಾಗಿ ಸೀಳುವುದರ, ಚರಿತ್ರೆ ಹೇಳುವ ಪುಸ್ತಕಗಳಲ್ಲಿ ಮತ್ತೆ ಮತ್ತೆ ಎದುರಾಗುವ ಕಪ್ಪು ಬಿಳುಪಿನ ಫೋಟೊ ಒಂದಿದೆ. ಬರ್ಲಿನ್‌ನ ಡಾಲೆಮ್ ಬಡಾವಣೆಯ ಕೈಸರ್ ವಿಲ್‌ಹೆಲ್ಮ್ ರಸಾಯನವಿಜ್ಞಾನ ಸಂಸ್ಥೆಯಲ್ಲಿ, 1913ರ ಸುಮಾರಿಗೆ ತೆಗೆದದ್ದು. ಪ್ರಯೋಗಾಲಯದ ಉಪಕರಣಗಳ ನಡುವೆ ಆಟೋ ಹಾನ್ ಮತ್ತು ಲೀಸಾ ಮೈಟ್ನರ್ ನಿಂತಿದ್ದಾರೆ. ಹಾನ್ ರಸಾಯನವಿಜ್ಞಾನಿ, ಮೈಟ್ನರ್ ಭೌತವಿಜ್ಞಾನಿ. ಒಬ್ಬರ ಕೈಕೆಳಗೆ ಇನ್ನೊಬ್ಬರು ಎಂಬ ಸುಳಿವು ಆ ಪಟದಲ್ಲಿ ಎಲ್ಲೂ ಇಲ್ಲ. ಹಾಗಿದ್ದೂ ಮುಂದಿನ ದಶಕಗಳಲ್ಲಿ ಹಾನ್ ಶೋಧಕರೆನಿಸಿದರು, ಮೈಟ್ನರ್ ಬರೀ ಸಹಾಯಕಿ ಎನಿಸಿದರು. ಇದು ಹೇಗಾಯಿತು ಎಂದು ತಿಳಿಯಬೇಕಾದರೆ ಪಟದಾಚೆಗೂ ನೋಡಬೇಕು.

ವಿಯೆನ್ನಾದಲ್ಲಿ ಡಾಕ್ಟರೇಟ್ ಮುಗಿಸಿದ್ದ ಮೈಟ್ನರ್ ಬರ್ಲಿನ್‌ಗೆ ಬಂದದ್ದು 1907ರಲ್ಲಿ. ರಸಾಯನವಿಜ್ಞಾನಿ ಎಮಿಲ್ ಫಿಷರ್ ಅವರ ಸಂಸ್ಥೆಯೊಳಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ನೆಲಮಾಳಿಗೆಯಲ್ಲಿದ್ದ ಹಳೆಯ ಬಡಗಿಕೋಣೆಯಲ್ಲಿ ಕೆಲಸ ಮಾಡಿಕೊಳ್ಳಬಹುದು, ಮೇಲಿನ ಪ್ರಯೋಗಾಲಯಗಳಿಗೆ ಮಾತ್ರ ಕಾಲಿಡುವಂತಿಲ್ಲ ಎಂಬುದೇ ಷರತ್ತು. ಸಂಬಳವೂ ಇರಲಿಲ್ಲ. ಅಲ್ಲಿಂದ ಶುರುಮಾಡಿದವರು 1917ರಲ್ಲಿ ಡಾಲೆಮ್ ಸಂಸ್ಥೆಯ ಭೌತವಿಜ್ಞಾನ ವಿಭಾಗದ ಹೊಣೆ ಹೊತ್ತರು, 1926ರಲ್ಲಿ ಜರ್ಮನಿಯ ಮೊದಲ ಮಹಿಳಾ ಭೌತವಿಜ್ಞಾನ ಪ್ರೊಫೆಸರ್ ಆದರು.

1934ರಲ್ಲಿ ಯುರೇನಿಯಂ ಮೇಲೆ ನ್ಯೂಟ್ರಾನ್ ಹಾಯಿಸುವ ಪ್ರಯೋಗಗಳಿಗೆ ಹಾನ್ ಅವರನ್ನು ಒಪ್ಪಿಸಿ ಎಳೆತಂದವರು ಮೈಟ್ನರ್. ಆಮೇಲೆ ರಸಾಯನವಿಜ್ಞಾನಿ ಫ್ರಿಟ್ಸ್ ಸ್ಟ್ರಾಸ್‌ಮನ್ ಜೊತೆಗೂಡಿದರು. ಈ ತಂಡದ ಬೌದ್ಧಿಕ ನಾಯಕಿ ಮೈಟ್ನರ್ ಅವರೇ ಎಂದು ಮುಂದೆ ಸ್ಪಷ್ಟವಾಗಿ ಹೇಳಿದವರೂ ಸ್ಟ್ರಾಸ್‌ಮನ್. 1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ ಮೇಲೆ, ಯಹೂದಿ ಮೂಲದ ಮೈಟ್ನರ್ ಅವರಿಗೆ ಆಸ್ಟ್ರಿಯಾದ ಪ್ರಜೆ ಎಂಬ ರಕ್ಷಣೆಯೂ ಇಲ್ಲವಾಯಿತು. ಜುಲೈ 13ರಂದು ಅವರು ರೈಲು ಹತ್ತಿ ನೆದರ್‌ಲೆಂಡ್ಸ್ ಗಡಿ ದಾಟಿದರು. ಕೈಯಲ್ಲಿದ್ದದ್ದು 10 ಮಾರ್ಕ್, ಜೊತೆಗೆ ದಾರಿಯಲ್ಲಿ ಲಂಚಕ್ಕೆ ಬೇಕಾದೀತೆಂದು ಹಾನ್ ಕೊಟ್ಟಿದ್ದ ತಮ್ಮ ತಾಯಿಯ ವಜ್ರದುಂಗುರ.

ಅಲ್ಲಿಂದ ಸ್ವೀಡನ್ ಸೇರಿದ್ದ ಅವರಿಗೆ ಡಿಸೆಂಬರ್‌ನಲ್ಲಿ ಹಾನ್ ಅವರ ಪತ್ರ ಬಂತು: ಯುರೇನಿಯಂನಿಂದ ಅದಕ್ಕಿಂತ ಎಷ್ಟೋ ಹಗುರವಾದ ಬೇರಿಯಂ ಬರುತ್ತಿದೆ, ಕಾರಣ ಹೊಳೆಯುತ್ತಿಲ್ಲ. ಕುಂಗೆಲ್ವ್ ಊರಿನ ಹಿಮದಲ್ಲಿ ಅಕ್ಕನ ಮಗ ಆಟೋ ಫ್ರಿಶ್ ಜೊತೆ ನಡೆಯುತ್ತಾ, ಮರದ ದಿಮ್ಮಿಯೊಂದರ ಮೇಲೆ ಕೂತು ಚೀಟಿಯಲ್ಲಿ ಲೆಕ್ಕ ಹಾಕಿದವರು ಮೈಟ್ನರ್. ನ್ಯೂಕ್ಲಿಯಸ್ ಎರಡಾಗಿ ಸೀಳುತ್ತಿದೆ, ಪ್ರೋಟಾನಿನ ಐದನೇ ಒಂದು ಭಾಗದಷ್ಟು ದ್ರವ್ಯರಾಶಿ ಕಳೆದು ಸುಮಾರು 20 ಕೋಟಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಹೊರಬರುತ್ತಿದೆ ಎಂಬುದು ಆ ಲೆಕ್ಕದ ಸಾರ. ಆದರೆ ದೇಶ ಬಿಟ್ಟು ಹೋದ ಯಹೂದಿ ಮಹಿಳೆಯ ಹೆಸರನ್ನು ನಾಜಿ ಜರ್ಮನಿಯ ಪತ್ರಿಕೆಯ ಪ್ರಬಂಧದಲ್ಲಿ ಸೇರಿಸುವುದು ಆಗದ ಮಾತಾಗಿತ್ತು. ಬೇರಿಯಂ ಫಲಿತಾಂಶ ಹಾನ್ ಮತ್ತು ಸ್ಟ್ರಾಸ್‌ಮನ್ ಹೆಸರಲ್ಲಿ 1939ರ ಜನವರಿಯಲ್ಲಿ ಬಂತು, ಅದರ ವಿವರಣೆ ಮೈಟ್ನರ್ ಮತ್ತು ಫ್ರಿಶ್ ಹೆಸರಲ್ಲಿ ಫೆಬ್ರವರಿಯಲ್ಲಿ. ಒಂದೇ ಕೆಲಸ ಎರಡು ಹೋಳಾದದ್ದು ರಾಜಕೀಯದ ದೆಸೆಯಿಂದ. ಆದರೆ ಯುದ್ಧ ಮುಗಿದ ಮೇಲೂ ಆ ಹೋಳುಗಳನ್ನು ಜೋಡಿಸುವ ಮನಸ್ಸನ್ನು ಹಾನ್ ಮಾಡಲಿಲ್ಲ. ನನ್ನ ಮಟ್ಟಿಗೆ ಈ ಕಥೆಯಲ್ಲಿ ಹೆಚ್ಚು ನೋಯಿಸುವುದು ಇದೇ. 1944ರ ರಸಾಯನವಿಜ್ಞಾನದ ನೊಬೆಲ್ ಹಾನ್ ಒಬ್ಬರಿಗೇ ಸಂದಿತು, ಘೋಷಣೆಯಾದದ್ದು 1945ರ ನವೆಂಬರ್‌ನಲ್ಲಿ.

ಇನ್ನು ಮ್ಯೂನಿಕ್‌ನ ಜರ್ಮನ್ ವಸ್ತುಸಂಗ್ರಹಾಲಯದಲ್ಲಿರುವ ಮೇಜಿನ ವಿಷಯ. ವಿದಳನ ಪತ್ತೆಯಾದ ಉಪಕರಣಗಳನ್ನೆಲ್ಲ ಅದರ ಮೇಲೆ ಇಟ್ಟಿದ್ದಾರೆ: ನ್ಯೂಟ್ರಾನ್‌ಗಳ ವೇಗ ತಗ್ಗಿಸಲು ಬಳಸಿದ ದುಂಡನೆಯ ಪ್ಯಾರಾಫಿನ್ ಮೇಣದ ಗಟ್ಟಿ, ವಿಕಿರಣ ಎಣಿಸುವ ನಳಿಗೆಗಳು, ಸಾಲು ಬ್ಯಾಟರಿಗಳು, ಟಿಪ್ಪಣಿ ಪುಸ್ತಕ. ನಿಜದಲ್ಲಿ ಇವು ಒಂದೇ ಮೇಜಿನ ಮೇಲೆ ಇದ್ದದ್ದೇ ಇಲ್ಲ. ನ್ಯೂಟ್ರಾನ್ ಹಾಯಿಸಲು ಒಂದು ಕೋಣೆ, ರಾಸಾಯನಿಕ ಬೇರ್ಪಡಿಕೆಗೆ ಇನ್ನೊಂದು, ವಿಕಿರಣ ಅಳೆಯಲು ಮತ್ತೊಂದು. ನೋಡುವವರ ಅನುಕೂಲಕ್ಕೆ ಮೂರನ್ನೂ ಒಟ್ಟುಗೂಡಿಸಿದ್ದರಲ್ಲಿ ತಪ್ಪಿಲ್ಲ. ತಪ್ಪಿದ್ದದ್ದು ಫಲಕದಲ್ಲಿ. ‘ಆಟೋ ಹಾನ್ ಅವರ ಕೆಲಸದ ಮೇಜು’ ಎಂದೇ ಅದು ಸುಮಾರು ಮೂರು ದಶಕ ಸಾರಿತು. ಉಪಕರಣಗಳಲ್ಲಿ ಬಹುಪಾಲು ರೂಪುಗೊಂಡದ್ದು ಮೈಟ್ನರ್ ಅವರ ವಿಭಾಗದಲ್ಲಿ. ಹಾಗಿದ್ದರೂ ಅವರ ಹೆಸರು ಸೇರಲು ಅಷ್ಟು ಕಾಲ ಹಿಡಿಯಿತು.

ಮೈಟ್ನರ್ ಸುಮ್ಮನಿದ್ದರು ಎಂದುಕೊಳ್ಳುವುದು ಸರಿಯಲ್ಲ. ತಮ್ಮನ್ನು ಹಾನ್ ಅವರ ಬಹುಕಾಲದ ಸಹಾಯಕಿ ಎಂದಷ್ಟೇ ಬರೆದದ್ದನ್ನು ಕಂಡು, 1953ರಲ್ಲಿ ಅವರು ಹಾನ್‌ಗೇ ಪತ್ರ ಬರೆದು ಕೇಳಿದರು: ನಿಮ್ಮನ್ನು ಹೀಗೆ ನನ್ನ ಸಹಾಯಕ ಎಂದು ಬಣ್ಣಿಸಿದರೆ ನಿಮಗೆ ಹೇಗನ್ನಿಸೀತು?

ಮೈಟ್ನರ್ 1968ರಲ್ಲಿ ಕೇಂಬ್ರಿಜ್‌ನಲ್ಲಿ ತೀರಿಕೊಂಡರು. ನೊಬೆಲ್ ಸಮಿತಿಯ ಕಡತಗಳು 50 ವರ್ಷ ಮುಚ್ಚಿರುವ ನಿಯಮ ಇರುವುದರಿಂದ, ಹಾನ್ ಒಬ್ಬರಿಗೇ ಬಹುಮಾನ ಕೊಟ್ಟ ತೀರ್ಮಾನದ ಒಳಗುಟ್ಟು ತಿಳಿದದ್ದು 1990ರ ದಶಕದಲ್ಲಿ. ಭೌತ ಮತ್ತು ರಸಾಯನ ವಿಜ್ಞಾನ ಎರಡರಲ್ಲೂ ಸೇರಿ ಅವರ ಹೆಸರು 40ಕ್ಕೂ ಹೆಚ್ಚು ಬಾರಿ ಸೂಚಿತವಾಗಿತ್ತು. 109ನೇ ಮೂಲವಸ್ತುವಿಗೆ 1997ರಲ್ಲಿ ಮೈಟ್ನೇರಿಯಂ ಎಂಬ ಹೆಸರು ಅಧಿಕೃತವಾಯಿತು. ಬೇರೊಂದು ಮೂಲವಸ್ತುವಿಗೆ ‘ಹಾನಿಯಂ’ ಎಂಬ ಹೆಸರಿನ ಪ್ರಸ್ತಾಪವೂ ಇತ್ತು, ಅದು ಅಂಗೀಕಾರವಾಗಲಿಲ್ಲ. ಡಾಲೆಮ್‌ನ ಆ ಕಟ್ಟಡ ದೀರ್ಘಕಾಲ ಹಾನ್ ಒಬ್ಬರ ಹೆಸರನ್ನೇ ಹೊತ್ತಿತ್ತು. 2010ರಲ್ಲಿ ಹಾನ್-ಮೈಟ್ನರ್ ಕಟ್ಟಡವಾಯಿತು.

ಪಟಗಳ ಅಡಿಬರಹದಲ್ಲಿ ಇನ್ನೊಂದು ತಪ್ಪೂ ಆಗಿದೆ. ಹಿರೋಷಿಮಾದ ನಂತರ ಪತ್ರಿಕೆಗಳು ಅವರನ್ನು ಅಣುಬಾಂಬಿನ ತಾಯಿ ಎಂಬಂತೆ ಬಿಂಬಿಸಿದವು. ಬಾಂಬ್ ತಯಾರಿಕೆಗೆ ಬಂದ ಆಹ್ವಾನವನ್ನು ಮೈಟ್ನರ್ ಯುದ್ಧಕಾಲದಲ್ಲೇ ಖಡಾಖಂಡಿತವಾಗಿ ತಿರಸ್ಕರಿಸಿದ್ದರು.